ಕೊಯ್ಯುವವರ ನಿದ್ದೆ: ಮಾಂಸದಂಗಡಿ ಕೆಲಸ ಮತ್ತು ಮಾನಸಿಕ ಆರೋಗ್ಯ

(ಮಾಂಸದಂಗಡಿ ಮಾಲೀಕರು, ಕೆಲಸಗಾರರು ಮತ್ತು ನಗರ ಆರೋಗ್ಯ ಕೇಂದ್ರಗಳ ಸಿಬ್ಬಂದಿ ಒಟ್ಟಿಗೆ ಸೇರಿದ್ದ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯ ಎತ್ತಿದ ಕೂಡಲೇ ಎರಡು ಬಗೆಯ ಮಾತು ಬರುತ್ತದೆ. "ದಿನಾ ಕೊಯ್ಯೋರ ಮನಸ್ಸು ಕಲ್ಲಾಗಿರುತ್ತೆ, ಅವರಿಗೆಂಥಾ ಡಿಪ್ರೆಷನ್ನು" ಅನ್ನುವುದು ಒಂದು. "ಪಾಪದ ಕೆಲಸ, ಅನುಭವಿಸಲೇಬೇಕು" ಅನ್ನುವುದು ಇನ್ನೊಂದು. ಎರಡನ್ನೂ ಇವತ್ತು ಬಾಗಿಲಾಚೆ ಬಿಟ್ಟು ಕೂರೋಣ. ಮಾಂಸ ತಿನ್ನಬೇಕೋ ಬೇಡವೋ ಅನ್ನುವುದೂ ಇಲ್ಲಿಯ ಚರ್ಚೆಯಲ್ಲ. ತಿನ್ನುವವರು ಕೋಟಿಗಟ್ಟಲೆ ಇದ್ದಾರೆ, ಅವರಿಗಾಗಿ ಕೊಯ್ಯುವವರು ಇದ್ದಾರೆ, ಅವರಿಗೆ ಸರಿಯಾಗಿ ನಿದ್ದೆ ಬರುತ್ತಿದೆಯೇ ಅನ್ನುವುದು ನಮ್ಮ ಪ್ರಶ್ನೆ.

ನಾವು ಹೇಳಬೇಕೆಂದಿರುವುದು ಇಷ್ಟು. ಕೊಲ್ಲುವ ಕೆಲಸಕ್ಕೆ ಅದರದ್ದೇ ಭಾರವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಭಾರ ಹೊರಲಾಗದಷ್ಟು ಆಗುವುದು ಕೆಲಸವನ್ನು ನಾವು ಜೋಡಿಸಿಟ್ಟಿರುವ ರೀತಿಯಿಂದ: ಎಷ್ಟು ವೇಗ, ಎಷ್ಟು ಹೊತ್ತು, ಎಂಥ ಚಾಕು, ಎಷ್ಟು ನಿದ್ದೆ, ಕೆಲಸ ಮುಗಿದ ಮೇಲೆ ಕೈಗೆ ಏನು ಕೊಡುತ್ತೇವೆ, ದುಡ್ಡೋ ಬಾಟಲಿಯೋ. ಇದರಲ್ಲಿ ಬಹುಪಾಲನ್ನು ಅಂಗಡಿಯ ನಾಲ್ಕು ಗೋಡೆಯೊಳಗೇ ಬದಲಿಸಲು ಸಾಧ್ಯ.

ಸಂಶೋಧನೆ ಏನು ಹೇಳುತ್ತದೆ

ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಡೆನ್ಮಾರ್ಕಿನ ಸುಮಾರು 10,600 ಕೆಲಸಗಾರರ ಮಾಹಿತಿ ಇಟ್ಟುಕೊಂಡು, 44 ಬಗೆಯ ಉದ್ಯೋಗಗಳನ್ನು ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕಸಾಯಿಖಾನೆಯವರ ದೇಹ ಮತ್ತು ಮನಸ್ಸಿನ ಸ್ವಾಸ್ಥ್ಯ ಬೇರೆಯವರಿಗಿಂತ ಕೆಳಗಿತ್ತು. ಕೊಳಕು ಕೆಲಸ, ಗೌರವವಿಲ್ಲದ ಕೆಲಸ ಅನ್ನುವ ಕಾರಣಗಳನ್ನು ಲೆಕ್ಕದಿಂದ ತೆಗೆದ ಮೇಲೂ ವ್ಯತ್ಯಾಸ ಉಳಿಯಿತು. ಅಮೆರಿಕದ ನೆಬ್ರಾಸ್ಕಾದ ಒಂದು ದನದ ಮಾಂಸದ ಕಾರ್ಖಾನೆಯಲ್ಲಿ ತೀವ್ರ ಮಾನಸಿಕ ಸಂಕಟ ಇದ್ದವರು ಶೇ 4.4, ಆ ದೇಶದ ಸರಾಸರಿ ಶೇ 3.6. ಇದು 2017ರ ಲೆಕ್ಕ. ವ್ಯತ್ಯಾಸ ಇದೆ, ಆದರೆ ಹೌಹಾರುವಷ್ಟಲ್ಲ. ಅದೇ ವರ್ಷಗಳಲ್ಲಿ ದಕ್ಷಿಣ ಆಫ್ರಿಕಾದ ಕೆಲಸಗಾರರನ್ನು ಕೂರಿಸಿಕೊಂಡು ಮಾತಾಡಿಸಿದವರಿಗೆ, ಮೊದಲ ದಿನಗಳ ಆಘಾತದ ಬಗ್ಗೆ, ಪದೇ ಪದೇ ಬೀಳುವ ಕನಸುಗಳ ಬಗ್ಗೆ ತಿಳಿಯಿತು.

ಇನ್ನೊಂದು ಅಧ್ಯಯನವನ್ನು ಜಾಲತಾಣಗಳಲ್ಲಿ ಬೇಕಾದಂತೆ ತಿರುಚುತ್ತಾರೆ, ಅದಕ್ಕೇ ಬಿಡಿಸಿ ಹೇಳಬೇಕಾಗಿದೆ. ಅಮೆರಿಕದ 581 ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) 1994ರಿಂದ 2002ರವರೆಗಿನ ದಾಖಲೆ ನೋಡಿ, ಕಸಾಯಿಖಾನೆ ಉದ್ಯೋಗ ಹೆಚ್ಚಿದ್ದ ಕಡೆ ಬಂಧನ ಪ್ರಮಾಣವೂ ಹೆಚ್ಚಿತ್ತು ಎಂದು ಸಂಶೋಧಕರು 2009ರಲ್ಲಿ ಬರೆದರು. ಅದು ಪ್ರದೇಶಗಳ ಲೆಕ್ಕ, ವ್ಯಕ್ತಿಗಳದ್ದಲ್ಲ. ಯಾವ ಕೆಲಸಗಾರ ಏನು ಮಾಡಿದ ಅನ್ನುವುದು ಅದರಲ್ಲಿ ಇಲ್ಲ. ಅದನ್ನು ಹಿಡಿದುಕೊಂಡು ನಮ್ಮ ಊರಿನಲ್ಲಿ ಈ ಕಸುಬು ಮಾಡಿಕೊಂಡು ಬಂದ ಖುರೇಶಿ ಸಮುದಾಯದವರನ್ನೋ ಕಟಿಕ ಸಮುದಾಯದವರನ್ನೋ "ಇವರು ಹಿಂಸೆಯ ಜನ" ಎನ್ನುವುದು ವಿಜ್ಞಾನವೂ ಅಲ್ಲ, ಮರ್ಯಾದೆಯೂ ಅಲ್ಲ.

ಈ ಅಧ್ಯಯನಗಳು ಹೆಚ್ಚಾಗಿ ದೊಡ್ಡ ಕಾರ್ಖಾನೆಗಳ ಕೆಲಸದ ಬಗ್ಗೆ. ಅಲ್ಲಿ ಒಬ್ಬನ ಕೆಲಸ ಒಂದೇ: ಪ್ರಾಣಿಯ ಪ್ರಜ್ಞೆ ತಪ್ಪಿಸುವವನು ಅದನ್ನಷ್ಟೇ ಮಾಡುತ್ತಾನೆ, ಕಾಲು ಕತ್ತರಿಸುವವನು ಕಾಲನ್ನಷ್ಟೇ ಕತ್ತರಿಸುತ್ತಾನೆ. ನಮ್ಮ ಚಿಕನ್ ಸೆಂಟರಿನಲ್ಲಿ ಕ್ರೇಟಿನಿಂದ ಕೋಳಿ ಹಿಡಿಯುವುದು, ಕೊಯ್ಯುವುದು, ಚರ್ಮ ಸುಲಿಯುವುದು, ತುಂಡು ಮಾಡುವುದು, ನಡುವೆ "ಅಣ್ಣಾ, ಕರಿ ಕಟ್ಟಾ, ಬಿರಿಯಾನಿ ಕಟ್ಟಾ?" ಎಂದು ಕೇಳುವುದು, ಎಲ್ಲ ಒಬ್ಬನೇ. ಸಂಕಟದ ಸ್ವರೂಪವೂ ಅದಕ್ಕೆ ತಕ್ಕಂತೆ ಬೇರೆ.

ಭಾನುವಾರದ ಲೆಕ್ಕ

ಒಂದು ಮಧ್ಯಮ ಅಂಗಡಿ ಭಾನುವಾರ 200 ಕೋಳಿ ಮಾರುತ್ತದೆ ಅಂತಿಟ್ಟುಕೊಳ್ಳಿ. ಗಾಡಿ ಬರುವುದು ರಾತ್ರಿ 2 ಗಂಟೆಯ ಮೇಲೆ. ಹುಡುಗ ಎದ್ದು ಕ್ರೇಟ್ ಇಳಿಸಬೇಕು, ತೂಕ ಬರೆಯಬೇಕು. 6ಕ್ಕೆ ಅಂಗಡಿ ತೆರೆದರೆ ಮಧ್ಯಾಹ್ನ 1ರವರೆಗೆ 7 ಗಂಟೆ, ಅಂದರೆ 420 ನಿಮಿಷ. ಒಂದು ಕೋಳಿಗೆ ಸಿಗುವುದು ಸರಾಸರಿ 2 ನಿಮಿಷ ಚಿಲ್ಲರೆ. ಆದರೆ ಗಿರಾಕಿಗಳು ಸರಾಸರಿ ನೋಡಿ ಬರುವುದಿಲ್ಲ. 8ರಿಂದ 11ರ ನಡುವೆ ಗಂಟೆಗೆ 60 ಬೇಕಾಗುತ್ತದೆ, ಅಂದರೆ ನಿಮಿಷಕ್ಕೊಂದು.

ಕೊಯ್ದ ಕೋಳಿಯ ರಕ್ತ ಪೂರ್ತಿ ಬಸಿದು ಒದ್ದಾಟ ನಿಲ್ಲಲು ಎರಡೂವರೆಯಿಂದ ಮೂರು ನಿಮಿಷ ಬೇಕು. ನಿಮಿಷಕ್ಕೊಂದು ಕೊಡಬೇಕಾದವನಿಗೆ ಆ ಮೂರು ನಿಮಿಷ ಎಲ್ಲಿದೆ? ನೀಲಿ ಡ್ರಮ್ಮಿಗೆ ಎಸೆದು ಮುಚ್ಚಳ ಹಾಕುತ್ತಾನೆ. ಒಂದರ ಮೇಲೊಂದು ಬೀಳುತ್ತವೆ, ರೆಕ್ಕೆ ಡ್ರಮ್ಮಿಗೆ ಬಡಿಯುತ್ತಲೇ ಇರುತ್ತದೆ. ಗಿರಾಕಿ ಅವಸರ ಮಾಡಿದಾಗ ಕೈ ಹಾಕಿದರೆ ಸಿಗುವುದು ಇನ್ನೂ ಅಲುಗಾಡುತ್ತಿರುವ ಕೋಳಿ. ಅದನ್ನೇ ಸುಲಿಯಲು ಶುರು ಮಾಡುತ್ತಾನೆ. ಅವನಿಗೆ ಗೊತ್ತಿರುತ್ತದೆ ಅದು ಪೂರ್ತಿ ಸತ್ತಿಲ್ಲವೆಂದು. ರಾತ್ರಿ ಕಾಡುವುದು ಈ ಕ್ಷಣ, ಕೊಯ್ದದ್ದಲ್ಲ. ಸರಿಯಾಗಿ ಆದ ಕೆಲಸವನ್ನು ಮನಸ್ಸು ದಿನದ ಲೆಕ್ಕಕ್ಕೆ ಸೇರಿಸಿ ಮರೆಯುತ್ತದೆ. ತಪ್ಪಿದ ಕೆಲಸವನ್ನು ಇಟ್ಟುಕೊಳ್ಳುತ್ತದೆ.

ಪರಿಹಾರ ದುಬಾರಿಯದ್ದಲ್ಲ. ಡ್ರಮ್ ಬದಲು ಕೋನ್. ತಲೆ ಕೆಳಗಾಗಿ ಕೋಳಿ ಕೂರುವ ಸ್ಟೀಲ್ ಕೋನನ್ನು ಗೋಡೆಗೆ ಬಿಗಿದು, ಕೆಳಗೆ ರಕ್ತದ ತಟ್ಟೆ ಇಡಿ. ರೆಕ್ಕೆ ಒತ್ತಿಕೊಂಡಿರುವುದರಿಂದ ಬಡಿತವಿಲ್ಲ, ಸದ್ದಿಲ್ಲ, ರೆಕ್ಕೆಯ ಮೂಳೆ ಮುರಿದು ಮಾಂಸ ಕೆಂಪಾಗುವುದೂ ಇಲ್ಲ. ಒಂದು ಕೋಳಿಗೆ 3 ನಿಮಿಷ ಎಂದರೆ ಒಂದು ಕೋನಿನಲ್ಲಿ ಗಂಟೆಗೆ 20. ಗಂಟೆಗೆ 60 ಬೇಕಾದರೆ 3 ಕೋನ್ ಸಾಕು, 4 ಇಟ್ಟರೆ ಅವಸರವಿಲ್ಲ. ಎಡದಿಂದ ತುಂಬುತ್ತಾ ಬನ್ನಿ. ನಾಲ್ಕನೆಯದು ತುಂಬುವ ಹೊತ್ತಿಗೆ ಮೊದಲನೆಯದು ಸಿದ್ಧ. ಕೋನ್ ತಂದ ಮೇಲೂ ಆಗುವ ಎಡವಟ್ಟು ಒಂದಿದೆ: ದೊಡ್ಡ ಕೋನಿಗೆ ಚಿಕ್ಕ ಕೋಳಿ ಹಾಕುವುದು. ಅದು ಒಳಗೇ ತಿರುಗಿಕೊಂಡು ಮೇಲೆ ಬರುತ್ತದೆ, ಕೊಯ್ಯುವವನು ಕೈ ಕೊಯ್ದುಕೊಳ್ಳುತ್ತಾನೆ. ಎರಡು ಕೆಜಿ ಬ್ರಾಯ್ಲರಿಗೆ ಒಂದು ಅಳತೆ, ನಾಟಿ ಕೋಳಿಗೆ ಇನ್ನೊಂದು ಅಳತೆ ಬೇಕು.

ಚಾಕು

ಮೊಂಡು ಚಾಕುವಿಗೂ ಮನಸ್ಸಿಗೂ ಏನು ಸಂಬಂಧ ಎಂದು ಕೇಳಬಹುದು. ನೇರ ಸಂಬಂಧವಿದೆ. ಹರಿತವಿಲ್ಲದ ಚಾಕುವಿನಲ್ಲಿ ಒಂದೇ ಎಳೆತಕ್ಕೆ ಎರಡೂ ಬದಿಯ ರಕ್ತನಾಳ ತುಂಡಾಗುವುದಿಲ್ಲ. ಎರಡನೇ ಸಲ ಎಳೆಯಬೇಕು. ಪ್ರಾಣಿ ಆ ಹೊತ್ತಿಗೆ ಬೆದರಿ ಒದೆಯುತ್ತಿರುತ್ತದೆ, ಹಿಡಿದವನ ಮೈ ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇಂಥದ್ದು ದಿನಕ್ಕೆ ಹತ್ತು ಸಲ ಆದರೆ ಮೈ ಸಂಜೆಯವರೆಗೂ ಸಡಿಲವಾಗುವುದಿಲ್ಲ, ಮನೆಯಲ್ಲಿ ತಟ್ಟೆ ಬಿದ್ದ ಸದ್ದಿಗೂ ಬೆಚ್ಚುತ್ತಾನೆ.

ಕುರಿಗೆ ಚಾಕುವಿನ ಅಲಗು ಕತ್ತಿನ ಅಗಲದ ಎರಡರಷ್ಟಾದರೂ ಉದ್ದವಿರಬೇಕು. ಉಣ್ಣೆ ಬಿಡಿಸಿ ಚರ್ಮ ಕಾಣುವಂತೆ ಮಾಡಿಕೊಳ್ಳಿ, ಉಣ್ಣೆಯ ಮಣ್ಣೇ ಅಲಗನ್ನು ಅರ್ಧ ಮೊಂಡು ಮಾಡುತ್ತದೆ. ಕುರಿ ಕೊಯ್ಯುವ ಚಾಕುವನ್ನು ಮೂಳೆ ಕೊಚ್ಚಲು ಬಳಸಬಾರದು, ಅದಕ್ಕೆ ಮಚ್ಚು ಇದೆ. ಕಲ್ಲಿನ ಮೇಲೆ ದಿನವೂ ಮಸೆಯಿರಿ, ಕೆಲಸದ ನಡುವೆ ಉಕ್ಕಿನ ಸರಳಿಗೆ ನಾಲ್ಕೈದು ಸಲ ಸವರಿ, ಪಕ್ಕದಲ್ಲಿ ಮಸೆದಿಟ್ಟ ಇನ್ನೊಂದು ಚಾಕು ಇರಲಿ. ಕೊಯ್ದ ಮೇಲೆ ಗಾಯವನ್ನು ಒತ್ತಬೇಡಿ, ಕತ್ತು ಮುರಿಯಬೇಡಿ. ಕಣ್ಣಿನ ಗುಡ್ಡೆಯನ್ನು ಮೆಲ್ಲಗೆ ಮುಟ್ಟಿದಾಗ ರೆಪ್ಪೆ ಅಲುಗಾಡದಿದ್ದರೆ ಮಾತ್ರ ಮುಂದಿನ ಕೆಲಸ.

ಹಲಾಲ್ ಮಾಡುವವರು ಪ್ರತಿ ಪ್ರಾಣಿಗೂ ಅಲ್ಲಾಹನ ಹೆಸರು ಹೇಳುತ್ತಾರೆ. ಜಾತ್ರೆಯ ಕುರಿಗೆ ತೀರ್ಥ ಚಿಮುಕಿಸಿ, ಅದು ಮೈ ಕೊಡವುವವರೆಗೆ ಕಾಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಧರ್ಮದ ಅರ್ಥ ಆಯಾ ಧರ್ಮದವರಿಗೆ ಬಿಟ್ಟದ್ದು. ಕೆಲಸದ ದೃಷ್ಟಿಯಿಂದ ನೋಡಿದರೆ ಎರಡೂ ಒಂದು ಪ್ರಾಣಿಗೂ ಮುಂದಿನದಕ್ಕೂ ನಡುವೆ ಉಸಿರು ತಿರುಗಿಸುವಷ್ಟು ಬಿಡುವು ಕೊಡುತ್ತಿದ್ದವು. ಅವಸರದಲ್ಲಿ ಮೊದಲು ಹೋಗುವುದು ಈ ಬಿಡುವೇ. ಅದನ್ನು ಉಳಿಸಿಕೊಳ್ಳಿ.

ಪಾಳಿ, ಕೂಲಿ, ಹೊಸ ಹುಡುಗ

ಮೂರು ಜನರಿರುವ ಅಂಗಡಿಯಲ್ಲಿ ಮೂರು ಜಾಗಗಳಿವೆ: ಚಾಕು, ಸುಲಿಯುವುದು ಮತ್ತು ಕಟಿಂಗ್, ತಕ್ಕಡಿ. ಒಂದೂವರೆ ಗಂಟೆಗೊಮ್ಮೆ ಜಾಗ ಬದಲಿಸಿ. ಒಬ್ಬನೇ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚಾಕು ಹಿಡಿಯಬಾರದು. ಹಲಾಲ್ ಅಂಗಡಿಗಳಲ್ಲಿ ಒಂದು ತೊಡಕು ಬರುತ್ತದೆ. ಕೊಯ್ಯುವವನು ಮುಸ್ಲಿಮನೇ ಆಗಿರಬೇಕು, ಅಂಗಡಿಯಲ್ಲಿ ಅಂಥವನು ಒಬ್ಬನೇ ಇದ್ದರೆ ಬದಲಿ ಇಲ್ಲ. ಹಾಗಾಗಿ ಆಳು ತೆಗೆದುಕೊಳ್ಳುವಾಗಲೇ ಕೊಯ್ಯಬಲ್ಲವರು ಇಬ್ಬರಾದರೂ ಇರುವಂತೆ ನೋಡಿಕೊಳ್ಳಿ.

ಕೋಳಿಗಿಷ್ಟು ಎಂದು ಕೂಲಿ ಕೊಟ್ಟರೆ ಅವನು ಓಡುತ್ತಾನೆ, ಕೋನಿನ ಮೂರು ನಿಮಿಷ ಕಾಯುವುದಿಲ್ಲ. ದಿನಗೂಲಿ ಅಥವಾ ತಿಂಗಳ ಸಂಬಳವೇ ಸರಿ. ವರ್ಷದಲ್ಲಿ ಅಂಗಡಿ ಮುಚ್ಚಲೇಬೇಕಾದ ದಿನಗಳಿವೆ: ಬೆಂಗಳೂರಿನಲ್ಲಿ ಗಾಂಧಿ ಜಯಂತಿ, ಮಹಾವೀರ ಜಯಂತಿ, ಬುದ್ಧ ಪೂರ್ಣಿಮೆ, ರಾಮನವಮಿ, ಶಿವರಾತ್ರಿ, ಗಣೇಶ ಚತುರ್ಥಿ ಹೀಗೆ. ಶ್ರಾವಣದಲ್ಲಿ ವ್ಯಾಪಾರವೇ ಇಳಿಯುತ್ತದೆ. ದಿನಗೂಲಿಯವನಿಗೆ ಆ ದಿನಗಳ ಹಣ ಇಲ್ಲ. ಈ ದಿನಗಳು ಮೊದಲೇ ಗೊತ್ತಿರುವುದರಿಂದ ಅವುಗಳ ಅರ್ಧ ಕೂಲಿಯನ್ನಾದರೂ ಲೆಕ್ಕಕ್ಕೆ ಸೇರಿಸಿಡುವುದು ಕಷ್ಟವಲ್ಲ. ಗೊತ್ತಿಲ್ಲದೆ ಬಂದೆರಗುವುದು ಬೇರೆ. 2020ರ ಮಾರ್ಚಿನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಸುಳ್ಳು ಹಬ್ಬಿ ವ್ಯಾಪಾರ ನೆಲ ಕಚ್ಚಿತು. 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿ ಜ್ವರ ಬಂತು. ಇಂಥ ವಾರಗಳಲ್ಲಿ ಸಾಲ ಹೆಚ್ಚುತ್ತದೆ, ಸಾಲದ ಜೊತೆ ನಿದ್ದೆಯೂ ಕೆಡುತ್ತದೆ. ದನ, ಎಮ್ಮೆ ಮಾಂಸದ ವ್ಯಾಪಾರದಲ್ಲಿರುವವರದ್ದು ಇನ್ನೊಂದು ಕತೆ. 2021ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಗೋಹತ್ಯೆ ನಿಷೇಧ ಕಾನೂನಿನಡಿ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟರೆ ಬೇರೆ ದನ, ಎಮ್ಮೆ ಕೊಯ್ಯುವಂತಿಲ್ಲ, ಶಿಕ್ಷೆ 3ರಿಂದ 7 ವರ್ಷ. ಕಾಗದ ಸರಿಯಿದ್ದು ಕಾನೂನಿನೊಳಗೇ ನಡೆಯುವವನಿಗೂ ದಾರಿಯಲ್ಲಿ ಗಾಡಿ ತಡೆದಾರೆಂಬ ಅಂಜಿಕೆ ತಪ್ಪಿದ್ದಲ್ಲ. ಹೀಗೆ ದಿನಾ ಹೆದರಿಕೊಂಡೇ ಇರುವವನಿಗೆ ಎದೆಬಡಿತ, ಹೊಟ್ಟೆ ಉರಿ, ಸಿಡುಕು ಬಂದರೆ ಅದನ್ನು ಅವನ ಸ್ವಭಾವ ಎಂದು ಬರೆದುಬಿಡಬಾರದು.

ಹೊಸದಾಗಿ ಬಂದ ಹುಡುಗನನ್ನು ಮೊದಲ ದಿನವೇ ಚಾಕುವಿಗೆ ಹಚ್ಚುವುದು ನಮ್ಮಲ್ಲಿ ಮಾಮೂಲು. "ಧೈರ್ಯ ಬರಲಿ" ಎಂದು ಸುತ್ತ ನಿಂತು ನಗುತ್ತಾರೆ. ಇದು ಬೇಡ. ಮೊದಲ ಎರಡು ವಾರ ತೊಳೆಯುವುದು, ಪ್ಯಾಕಿಂಗ್, ತಕ್ಕಡಿ. ಆಮೇಲೆ ಎರಡು ವಾರ ಸುಲಿಯುವುದು, ಕಟಿಂಗ್. ಕೊಯ್ಯಲು ಒಪ್ಪಿದ ಮೇಲಷ್ಟೇ, ಅನುಭವಸ್ಥ ಪಕ್ಕದಲ್ಲಿ ನಿಂತು, ದಿನಕ್ಕೆ ಐದಾರರಂತೆ ಶುರು. ನನ್ನ ಕೈಲಾಗುವುದಿಲ್ಲ ಎಂದರೆ ಕೂಲಿ ಕಡಿಮೆಯಾಗದೆ ಬೇರೆ ಜಾಗ ಕೊಡಬೇಕು. 18 ತುಂಬದವರನ್ನು ಕಸಾಯಿಖಾನೆಯಲ್ಲಿ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದು 2001ರ ಕಸಾಯಿಖಾನೆ ನಿಯಮಗಳು ಹೇಳುತ್ತವೆ. ಆ ನಿಯಮಗಳು ದಿನಕ್ಕೆ 10 ಅಥವಾ ಹೆಚ್ಚು ಪ್ರಾಣಿ ಕೊಯ್ಯುವ ಪರವಾನಗಿ ಇರುವ ಕಡೆಗೆ ಅನ್ವಯ. ಅದಕ್ಕಿಂತ ಚಿಕ್ಕ ಅಂಗಡಿ ಆ ವ್ಯಾಖ್ಯೆಯ ಹೊರಗೆ ಉಳಿಯುತ್ತದೆ. ಹುಡುಗನ ಮನಸ್ಸು ಆ ವ್ಯಾಖ್ಯೆ ನೋಡಿ ನೊಂದುಕೊಳ್ಳುವುದಿಲ್ಲ.

ಅದೇ ನಿಯಮಗಳು ಗಬ್ಬದ ಪ್ರಾಣಿಯನ್ನು ಕೊಯ್ಯಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು ಎನ್ನುತ್ತವೆ. ಇವು ಪ್ರಾಣಿ ದಯೆಗಾಗಿ ಬರೆದವು. ಕೆಲಸಗಾರನನ್ನೂ ಕಾಯುತ್ತವೆ. ಹೊಟ್ಟೆ ಸೀಳಿದಾಗ ಮರಿ ಕಂಡರೆ ಇಪ್ಪತ್ತು ವರ್ಷದ ಅನುಭವವಿದ್ದವನೂ ಒಂದು ಕ್ಷಣ ನಿಲ್ಲುತ್ತಾನೆ. ಅಂಥ ದಿನ ಅವನನ್ನು ತಕ್ಕಡಿಗೆ ಕಳಿಸಿ. ತಮಾಷೆ ಮಾಡಬೇಡಿ. ಅಂದಹಾಗೆ, ಮೊಬೈಲ್ ಹಿಡಿದು ರೀಲ್ ಮಾಡುವ ಗಿರಾಕಿಗಳು ಈಗ ಹೆಚ್ಚಾಗಿದ್ದಾರೆ. ಕೊಯ್ಯುವ ಜಾಗಕ್ಕೂ ಕೌಂಟರಿಗೂ ನಡುವೆ ಒಂದು ಅಡ್ಡಗೋಡೆ ಅಥವಾ ಪರದೆ ಇರಲಿ.

ಹೊಸತೊಡಕು, ಬಕ್ರೀದ್

ಹಳೇ ಮೈಸೂರು ಕಡೆ ವರ್ಷದ ಅತಿ ದೊಡ್ಡ ದಿನ ಯುಗಾದಿ ಮರುದಿನದ ಹೊಸತೊಡಕು. ಚೀಟಿ ಹಾಕಿದವರಿಗೆ ಪಾಲು ಮಾಡಿ ಕೊಡುವ ಗುಡ್ಡೆ ಬಾಡು, ಅಂಗಡಿ ಮುಂದಿನ ಸಾಲು, ಎಲ್ಲ ನಸುಕಿನ 4ಕ್ಕೇ ಶುರು. ಹಿಂದಿನ ರಾತ್ರಿ ಯಾರೂ ಮಲಗುವುದಿಲ್ಲ. ಬಕ್ರೀದ್‌ನಲ್ಲಿ ಕುರ್ಬಾನಿಗೆ ಮನೆಮನೆಗೆ ಹೋಗುವ ಕಸಾಯಿಗಳು ಮೂರು ದಿನ ಓಡಾಡುತ್ತಾರೆ. ಇವು ಗಳಿಕೆಯ ದಿನಗಳು, ಬೇಡ ಎನ್ನುವಂತಿಲ್ಲ. ಆದರೆ ಲೆಕ್ಕ ಹಾಕಿ ಇಳಿಯಬಹುದು. ಆ ದಿನಕ್ಕೆ ಹೆಚ್ಚುವರಿ ಆಳನ್ನು ತಿಂಗಳ ಮೊದಲೇ ಗೊತ್ತುಮಾಡಿ; ಹಿಂದಿನ ದಿನ ಮಧ್ಯಾಹ್ನವೇ ಮೂರು ಗಂಟೆ ಮಲಗಿಸಿ; ನಾಲ್ಕು ಗಂಟೆಗೊಮ್ಮೆ ಕೂತು ಊಟ ಮಾಡಲಿ; ಮರುದಿನ ಸಂಬಳ ಸಹಿತ ರಜೆ ಕೊಡಿ.

ಕೆಲಸ ಮುಗಿದ ರಾತ್ರಿ ಮಾಲೀಕ ಬಾಟಲಿ ಕೊಡಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಪ್ರೀತಿಯಿಂದಲೇ ಕೊಡಿಸುತ್ತಾರೆ. ಆದರೆ ನಿದ್ದೆಗೆಟ್ಟ ಮೈಗೆ, ಅಂಥ ದಿನದ ಕೊನೆಗೆ, "ಕುಡಿದರೆ ಮರೆಯುತ್ತೆ" ಎಂಬ ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಅದೇ ದುಡ್ಡನ್ನು ಕೈಗೆ ಕೊಡಿ.

ಕುಡಿತ ಮತ್ತು ನಿದ್ದೆ

ಸಂಜೆಯ ಕುಡಿತ ಬೆಳಗಿನದಾಗುವುದನ್ನು ಗಮನಿಸಿ. ಕೈ ನಡುಕ ನಿಲ್ಲಲು ಮೊದಲ ಕೋಳಿಗೆ ಮುಂಚೆ 90 ಎಂಎಲ್ ಟೆಟ್ರಾ ಪ್ಯಾಕ್ ಬೇಕೆಂದರೆ ಅದು ಚಟದ ಮಾತಾಗಿ ಉಳಿದಿಲ್ಲ, ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಇಂಥವನಿಗೆ "ನಾಳೆಯಿಂದ ಬಿಟ್ಟುಬಿಡು" ಎಂದು ಆಣೆ ಮಾಡಿಸುವುದು ಅಪಾಯ. ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಭ್ರಮೆ, ಇಲ್ಲದ್ದು ಕಾಣುವುದು. ಆ ಸ್ಥಿತಿಯಲ್ಲಿ ಕೈಯಲ್ಲಿ ಚಾಕು ಇರಬಾರದು. ಬೆಳಿಗ್ಗೆಯಿಂದಲೇ ಕುಡಿಯುವವರು ವೈದ್ಯರ ನಿಗಾದಲ್ಲಿ, ಥಯಾಮಿನ್ (ಬಿ1 ವಿಟಮಿನ್) ಮತ್ತು ಬೇಕಾದ ಔಷಧದೊಂದಿಗೆ ಬಿಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ.

ನಿದ್ದೆಯ ವಿಷಯದಲ್ಲಿ ವೈದ್ಯರು ಕೊಡುವ ಸಲಹೆ ಈ ಕೆಲಸಕ್ಕೆ ಹೊಂದುವುದಿಲ್ಲ. "ರಾತ್ರಿ 10ಕ್ಕೆ ಮಲಗಿ 6ಕ್ಕೆ ಏಳಿ" ಎಂದರೆ ಗಾಡಿ ಇಳಿಸುವವರು ಯಾರು? ಒಂದೇ ಕೋಣೆಯ ಮನೆಯಲ್ಲಿ ಸಂಜೆ 7ಕ್ಕೆ ದೀಪ ಆರಿಸಲೂ ಆಗುವುದಿಲ್ಲ. ನಿದ್ದೆಯನ್ನು ಎರಡು ಭಾಗ ಮಾಡಿಕೊಳ್ಳಿ: ರಾತ್ರಿ 9ರಿಂದ 2:30, ಮಧ್ಯಾಹ್ನ ಅಂಗಡಿ ತೊಳೆದ ಮೇಲೆ 3ರಿಂದ 4:30. ಒಟ್ಟು 7 ಗಂಟೆ. ಮಧ್ಯಾಹ್ನದ ನಿದ್ದೆ 5 ದಾಟಿದರೆ ರಾತ್ರಿಯದು ಕೆಡುತ್ತದೆ.

ಇಲ್ಲಿ ಇರುವ ವೈದ್ಯರಿಗೆ ಒಂದು ಮಾತು. ಮಂಪರು ತರಿಸುವ ಮಾತ್ರೆಯನ್ನು "ಮಲಗುವಾಗ" ಎಂದಷ್ಟೇ ಬರೆಯಬೇಡಿ. ಎಷ್ಟು ಗಂಟೆಗೆ ಏಳುತ್ತೀರಿ ಎಂದು ಕೇಳಿ. 11ಕ್ಕೆ ಅಮಿಟ್ರಿಪ್ಟಿಲಿನ್ ನುಂಗಿ 3ಕ್ಕೆ ಎದ್ದವನು ಮಂಪರಿನಲ್ಲೇ ಚಾಕು ಹಿಡಿಯುತ್ತಾನೆ. ಅಂಥ ಮಾತ್ರೆ ಬೇಕೇ ಬೇಕೆಂದರೆ ಸಂಜೆ 7:30-8ಕ್ಕೆ ಕೊಡಿ, ಮೊದಲ ವಾರ ಅವನು ತಕ್ಕಡಿಯಲ್ಲಿರುವಂತೆ ಮಾಲೀಕರಿಗೆ ಚೀಟಿ ಬರೆಯಿರಿ. ಚೀಟಿಯಲ್ಲಿ ಕಾಯಿಲೆಯ ಹೆಸರು ಬೇಡ.

ಕೇಳುವುದು ಹೇಗೆ

"ನಿಮಗೆ ಬೇಸರವಾಗುತ್ತಾ? ಪಾಪ ಅನ್ನಿಸುತ್ತಾ?" ಎಂದು ಆರೋಗ್ಯ ಸಿಬ್ಬಂದಿ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಈ ಜನರಿಗೆ ಬೈಗುಳ ಸಾಕಷ್ಟು ಆಗಿದೆ. ಬಾಡಿಗೆ ಮನೆ ಸಿಗುವುದಿಲ್ಲ, ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚುತ್ತಾರೆ, ಹೆಣ್ಣು ಕೊಡುವವರು ಕೆಲಸ ಕೇಳಿ ಹಿಂದೆ ಸರಿಯುತ್ತಾರೆ. ಹಾಗಾಗಿ ಕೆಲಸದಿಂದಲೇ ಆರಂಭಿಸಿ. "ಭಾಯ್, ಭಾನುವಾರ ಎಷ್ಟು ಕೋಳಿ ಆಗುತ್ತೆ? ಚಾಕು ಯಾರು ಹಿಡೀತಾರೆ? ಈಚೆಗೆ ಕೈಗೆ ಚಾಕು ತಾಗೋದು ಜಾಸ್ತಿ ಆಗಿದೆಯಾ? ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಗುತ್ತೆ?" ಉತ್ತರ "ಎದೆ ಭಾರ, ಗ್ಯಾಸು, ಮೈಕೈ ನೋವು" ಎಂದು ಬರುತ್ತದೆ. ಅದನ್ನು ತಳ್ಳಿಹಾಕಬೇಡಿ, ಬೇಸರ ನಮ್ಮಲ್ಲಿ ಹೇಳಿಕೊಳ್ಳುವುದೇ ಹಾಗೆ.

ಆಮೇಲೆ ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳನ್ನು ಕನ್ನಡದಲ್ಲೇ ಓದಿ ಹೇಳಿ. ಒಟ್ಟು ಅಂಕ 27. 10 ಅಥವಾ ಹೆಚ್ಚು ಬಂದರೆ ವೈದ್ಯರು ನೋಡಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಅದಕ್ಕೆ ಹೌದು ಎಂದರೆ ಅಂದೇ ಮಾತಾಡಬೇಕು.

ಇನ್ನೊಂದನ್ನು ಮರೆಯಬೇಡಿ. ಕುರಿ, ಮೇಕೆ, ದನದ ಕೆಲಸದವನು ತಿಂಗಳುಗಟ್ಟಲೆ ಸುಸ್ತು, ಸೊಂಟ ನೋವು, ಬಂದು ಹೋಗುವ ಜ್ವರ, ರಾತ್ರಿ ಬೆವರು, ಜೊತೆಗೆ ಮಂಕು ಎಂದರೆ ಬ್ರೂಸೆಲ್ಲೋಸಿಸ್ ಇರಬಹುದು. ಸೋಂಕಿನ ಪ್ರಾಣಿಯ ಗರ್ಭಕೋಶ, ರಕ್ತ ಗಾಯದ ಮೂಲಕ ತಾಗಿ ಬರುವ ಕಾಯಿಲೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧ ಸೇರಿಸಿ 6 ವಾರ ಕೊಡಬೇಕಾಗುತ್ತದೆ. ಇದನ್ನು ಬರೀ ಖಿನ್ನತೆ ಎಂದು ತಿಳಿದು ಮಾತ್ರೆ ಕೊಡುತ್ತಾ ಹೋದರೆ ಅವನು ಗುಣವಾಗುವುದಿಲ್ಲ, ಮಾತ್ರೆಯ ಮೇಲೂ ನಂಬಿಕೆ ಕಳೆದುಕೊಳ್ಳುತ್ತಾನೆ.

ಕನಸಿಗೆ ಒಂದು ಸರಳ ಅಭ್ಯಾಸವಿದೆ. ಕಾಡುವ ಕನಸನ್ನು ಹಗಲಲ್ಲಿ, ಮನೆಯಲ್ಲಿ ಕೂತು ಯಾರಿಗಾದರೂ ಹೇಳಬೇಕು ಅಥವಾ ಬರೆಯಬೇಕು. ಅದರ ಕೊನೆಯನ್ನು ತನಗೆ ಬೇಕಾದಂತೆ ಬದಲಿಸಬೇಕು. ಬದಲಿಸಿದ ಕನಸನ್ನು ದಿನಕ್ಕೆ 10ರಿಂದ 20 ನಿಮಿಷ ಕಣ್ಣು ಮುಚ್ಚಿ ನೋಡಿಕೊಳ್ಳಬೇಕು. ಕೆಲವು ವಾರಗಳಲ್ಲಿ ತೀವ್ರತೆ ಇಳಿಯಬಹುದು. ಅಪಘಾತಕ್ಕೆ ಸಿಕ್ಕವನ ಭಯವೇ ಬೇರೆ. ಇವನದ್ದು ತನ್ನ ಕೈಯಾರೆ ಮಾಡಿದ್ದರ ಕಸಿವಿಸಿ. "ಏನೂ ಆಗಲ್ಲ, ಹೆದರಬೇಡ" ಎಂಬ ಸಮಾಧಾನ ಇಲ್ಲಿ ಕೆಲಸ ಮಾಡುವುದಿಲ್ಲ. ಏನಾಯಿತು, ಏನು ತಪ್ಪಿತು, ಮುಂದೆ ತಪ್ಪದಂತೆ ಏನು ಮಾಡಬಹುದು ಎಂದು ಕೇಳಿಸಿಕೊಳ್ಳಬೇಕು.

"ಕೆಲಸ ಬಿಟ್ಟುಬಿಡು" ಎಂಬ ಸಲಹೆಯನ್ನು ಮೊದಲ ದಿನವೇ ಕೊಡಬೇಡಿ. ಮಾಲೀಕರಿಂದ ಅಡ್ವಾನ್ಸ್ ತೆಗೆದುಕೊಂಡಿರುತ್ತಾನೆ, ಗೊತ್ತಿರುವ ಕಸುಬು ಇದೊಂದೇ. ಚಾಕುವಿನಿಂದ ಕಟಿಂಗಿಗೆ, ಕಟಿಂಗಿನಿಂದ ಕೌಂಟರಿಗೆ ಸರಿಯುವುದೇ ಮೊದಲ ಹೆಜ್ಜೆ.

ಸೌಲಭ್ಯಗಳಿವೆ, ಸಮಯ ಹೊಂದುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರ ನಡೆಯುತ್ತದೆ. ಹೊರರೋಗಿಗಳ ಸಾಲು ಬೆಳಿಗ್ಗೆಯೇ. ಅಂಗಡಿಯ ವ್ಯಾಪಾರವೂ ಬೆಳಿಗ್ಗೆಯೇ. ಬೆಂಗಳೂರಿನಲ್ಲಿ ಸರ್ಕಾರದ ಹೆಚ್ಚಿನ 'ನಮ್ಮ ಕ್ಲಿನಿಕ್'ಗಳು ಸಂಜೆ 4:30ರವರೆಗೆ ತೆರೆದಿರುವುದರಿಂದ ಮಧ್ಯಾಹ್ನ 2ರ ಮೇಲೆ ಹೋಗಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ 2:30ಕ್ಕೆ ಗಾಡಿ ಕಾಯುತ್ತಾ ಕೂತವನಿಗೆ ಸಿಗುವುದು ಇದೊಂದೇ. ಆ ನಂಬರನ್ನು ತಕ್ಕಡಿಯ ಮೇಲಿನ ಗೋಡೆಗೆ ಬರೆಸಿ.

ಸಭಿಕರ ಪ್ರಶ್ನೆಗಳು

ಪಾಳಿ ಬದಲಿಸಿದರೆ ವ್ಯಾಪಾರ ನಿಧಾನವಾಗುತ್ತದಲ್ಲ, ನುರಿತವನು ಕೊಯ್ಯುವಷ್ಟು ಬೇಗ ಬೇರೆಯವರು ಕೊಯ್ಯುತ್ತಾರಾ?

ಮೊದಲ ಒಂದೆರಡು ತಿಂಗಳು ನಿಧಾನ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಈಗ ನಿಮ್ಮ ಅಂಗಡಿಯಲ್ಲಿ ತಡ ಆಗುವುದು ಎಲ್ಲಿ ಎಂದು ಒಂದು ಭಾನುವಾರ ನಿಂತು ನೋಡಿ. ಬಹಳ ಕಡೆ ಕೊಯ್ಯುವುದರಲ್ಲಲ್ಲ, ತುಂಡು ಮಾಡುವಲ್ಲಿ, ಚಿಲ್ಲರೆ ಕೊಡುವಲ್ಲಿ. ಅಲ್ಲದೆ ನುರಿತವನೊಬ್ಬನನ್ನೇ ನಂಬಿದ ಅಂಗಡಿ ಅವನು ಬೆರಳು ಕೊಯ್ದುಕೊಂಡ ದಿನ ಮುಚ್ಚುತ್ತದೆ.

ನಾವು ಕೇಳಿದರೆ ಅವರು ನಕ್ಕು "ನಮಗೇನಾಗಿದೆ ಅಕ್ಕಾ" ಅಂತಾರೆ. ಮನಸ್ಸು ಮರಗಟ್ಟಿದೆ ಅಂತ ತಿಳಿಯಬೇಕಾ? (ಆಶಾ ಕಾರ್ಯಕರ್ತೆಯೊಬ್ಬರ ಪ್ರಶ್ನೆ)

ನಗುವವರಲ್ಲಿ ಹೆಚ್ಚಿನವರು ನಿಜಕ್ಕೂ ಚೆನ್ನಾಗಿರಬಹುದು, ಅದನ್ನೂ ನಂಬಿ. ಕೆಲಸದ ಹೊತ್ತಿನಲ್ಲಿ ಮನಸ್ಸನ್ನು ಬಿಗಿಹಿಡಿಯುವುದು ಕಾಯಿಲೆಯಲ್ಲ, ಶವಾಗಾರದವರೂ ಶಸ್ತ್ರಚಿಕಿತ್ಸಕರೂ ಹಾಗೇ ಇರುತ್ತಾರೆ. ಮನೆಗೆ ಹೋದ ಮೇಲೂ ಅದು ಸಡಿಲವಾಗದಿದ್ದರೆ ತೊಂದರೆ. ಮನೆಯವರನ್ನು ಕೇಳಿ: ಮಗುವನ್ನು ಎತ್ತಿಕೊಳ್ಳುತ್ತಾರಾ, ಹಬ್ಬಕ್ಕೆ ನೆಂಟರ ಮನೆಗೆ ಬರುತ್ತಾರಾ, ಅಂಗಡಿಯಿಂದ ಬಂದ ಮೇಲೆ ಎಷ್ಟು ಸಲ ಕೈ ತೊಳೆಯುತ್ತಾರೆ, ಕೈ ಮಾಡುತ್ತಾರಾ. ಅಂಗಡಿಯಲ್ಲಿ ನೋಡಬೇಕಾದದ್ದು ಒಂದಿದೆ: ಮೊದಲು ನಯವಾಗಿ ಕೋಳಿ ಹಿಡಿಯುತ್ತಿದ್ದವನು ಈಗ ಬೀಸಿ ಎಸೆಯುತ್ತಿದ್ದರೆ ಅವನಿಗೆ ವಿಶ್ರಾಂತಿ ಬೇಕಾಗಿದೆ.

ಸಾಯ್ತೀನಿ ಅಂತ ಮಾತಾಡುವ ಹುಡುಗ ಅಂಗಡಿಯಲ್ಲೇ ಮಲಗುತ್ತಾನೆ. ಸುತ್ತ ಬರೀ ಚಾಕು. ಏನು ಮಾಡೋದು?

ಮೊದಲು, ಆ ರಾತ್ರಿ ಅವನು ಅಲ್ಲಿ ಮಲಗಬಾರದು. ಮನೆಗೆ ಕರೆದುಕೊಂಡು ಹೋಗಿ, ಇಲ್ಲವೇ ಇನ್ನೊಬ್ಬ ಹುಡುಗ ಜೊತೆಗಿರಲಿ, ಎಚ್ಚರವಾಗಿ. ಚಾಕು, ಮಚ್ಚು ಎಲ್ಲ ಎಣಿಸಿ ಬೀಗವಿರುವ ಪೆಟ್ಟಿಗೆಗೆ ಹಾಕಿ, ಬೀಗದ ಕೈ ನಿಮ್ಮ ಹತ್ತಿರ. ಎಲ್ಲ ಅಂಗಡಿಗಳೂ ದಿನಾ ಹೀಗೇ ಮಾಡಿದರೆ ಆ ಹುಡುಗನೊಬ್ಬನ ಮೇಲೆ ಅನುಮಾನಪಟ್ಟಂತೆ ಕಾಣುವುದೂ ಇಲ್ಲ. ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಅವನ ಎದುರಿಗೇ 14416ಕ್ಕೆ ಕರೆ ಮಾಡಿ ಫೋನ್ ಕೊಡಿ. ಆಗಲೇ ಏನಾದರೂ ಮಾಡಿಕೊಂಡಿದ್ದರೆ 108. ಪೊಲೀಸ್ ಕೇಸಿನ ಹೆದರಿಕೆಯಿಂದ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷಿಸುವಂತಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಕೆಲಸದಿಂದ ತೆಗೆಯಬೇಡಿ. ವೈದ್ಯರು ಸರಿ ಎನ್ನುವವರೆಗೆ ತಕ್ಕಡಿ, ಪ್ಯಾಕಿಂಗ್, ಡೆಲಿವರಿ. ಹಳೆಯ ಕೂಲಿಯೇ ಕೊಡಿ, ಅಡ್ವಾನ್ಸ್ ಹಣವನ್ನು ಆ ತಿಂಗಳು ಮುರಿದುಕೊಳ್ಳಬೇಡಿ.